‘ನೋಡೋಣ’ ಅಂದವರು ನೋಡಿದ್ದೇನು?

ಇವತ್ತು ನಮ್ಮ ನಾಯಿ ಚಿನ್ನಿಗೆ ರೇಬಿಸ್ ಲಸಿಕೆ ಹಾಕಿಸಲು ಹೋಗಿದ್ದೆ. ಪಕ್ಕದಲ್ಲಿ ಒಬ್ಬರು ಮುದಿ ಲ್ಯಾಬ್ರಡಾರ್ ಹಿಡಿದು ಕೂತಿದ್ದರು. ಅದರ ಮೇಲುರೆಪ್ಪೆಯ ಅಂಚಿನಲ್ಲಿ ಕಡಲೆಕಾಳಿನಷ್ಟು ಗಂಟು, ತುದಿಯಲ್ಲಿ ಒಣಗಿದ ರಕ್ತ. ಪಾಪ, ಕಣ್ಣು ಅರ್ಧ ಮುಚ್ಚಿಕೊಂಡು ಮುಂಗಾಲಿಗೆ ಮುಖ ಉಜ್ಜುತ್ತಲೇ ಇತ್ತು.

"ಎಷ್ಟು ದಿನ ಆಯ್ತು ಸಾರ್?"

"ದೀಪಾವಳಿ ಹೊತ್ತಿಗೆ ಸಾಸಿವೆಯಷ್ಟಿತ್ತು ಮೇಡಂ. ನೋಡೋಣ ಅಂತ ಬಿಟ್ವಿ."

ನೋಡೋಣ! ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನೋಡೋಣ ಅನ್ನುವವರು ನೋಡುವುದೇ ಇಲ್ಲ. ದಿನಾ ಕಣ್ಣೆದುರೇ ಇರುವ ಗಂಟು ಬೆಳೆದದ್ದು ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ ಫೋಟೋ ತೆಗೆದು ಹಿಂದಿನದರ ಪಕ್ಕ ಇಟ್ಟರೆ ಅದು ನೋಡುವುದು. ಹಿಂದೆ ಕೂತಿದ್ದ ಆಂಟಿಯಂತೂ "ನರುಳ್ಳೆ ಕಣ್ರೀ, ಸುಣ್ಣ ಹಚ್ಚಿ" ಅಂದರು. ಕಣ್ಣಿನ ಅಂಚಿಗೆ ಸುಣ್ಣ! ಕಣ್ಣೇ ಸುಟ್ಟುಹೋಗುತ್ತದೆ ಅಂತ ಹೇಳಿದ್ದಕ್ಕೆ ಮುಖ ತಿರುಗಿಸಿದರು.

ಹೆಚ್ಚಿನವು ಕ್ಯಾನ್ಸರ್ ಅಲ್ಲ ಅಲ್ವಾ ಅಂತೀರಿ. ಅಲ್ಲ, ಒಪ್ಪಿದೆ. ವಯಸ್ಸಾದ ನಾಯಿಗಳಿಗೆ ರೆಪ್ಪೆಯಂಚಿನ ಎಣ್ಣೆಗ್ರಂಥಿಯಲ್ಲಿ ಹೀಗೆ ಗಂಟಾಗುವುದು ಮಾಮೂಲಿ. ಆದರೆ ರೆಪ್ಪೆ ಬಡಿದಾಗಲೆಲ್ಲ ಅದು ಕಣ್ಣುಗುಡ್ಡೆಗೆ ಉಜ್ಜಿದರೆ ಹುಣ್ಣಾಗುತ್ತದೆ. ರೆಪ್ಪೆಯ ಮೂರನೇ ಒಂದು ಭಾಗ ದಾಟುವ ಮುಂಚೆ ಹೋದರೆ ‘ವಿ’ ಆಕಾರದಲ್ಲಿ ಕತ್ತರಿಸಿ ಹೊಲಿದುಬಿಡಬಹುದು. ದಾಟಿದರೆ ಅಕ್ಕಪಕ್ಕದ ಚರ್ಮ ಎಳೆದು ರೆಪ್ಪೆಯನ್ನೇ ಕಟ್ಟಬೇಕಾಗುತ್ತದೆ. ಮುದಿ ನಾಯಿಗೆ ಅನಸ್ತೇಶಿಯಾ ಅಪಾಯ ಅಂತ ಮುಂದೂಡುತ್ತಾರೆ. ಈ ವರ್ಷ ವಯಸ್ಸು ಹನ್ನೊಂದು, ಮುಂದಿನ ವರ್ಷ ಒಂಬತ್ತಾಗುತ್ತಾ?

ನಮ್ಮ ಇನ್ನೊಂದು ನಾಯಿ ರಾಜನಿಗೂ ಹೀಗೇ ಗಂಟಾಗಿ ಕಣ್ಣು ಹುಣ್ಣಾಗಿದ್ದ ಕಥೆ ಕೆಲವರಿಗೆ ಗೊತ್ತು. ಯಾರಿಗೂ ಗೊತ್ತಿಲ್ಲದ್ದು ಒಂದಿದೆ. ಅವನ ಗಂಟಿಗೆ ನಾನು ಅಪ್ಪನ ಪೊರೆ ಆಪರೇಷನ್ನಿನ ನಂತರ ಉಳಿದಿದ್ದ ಡ್ರಾಪ್ಸ್ ಹಾಕಿದ್ದೆ, ನಾಲ್ಕು ದಿನ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಹುಣ್ಣಿದ್ದ ಕಣ್ಣಿಗೆ ಅದು ವಿಷ. ಡಾಕ್ಟರು ಬಣ್ಣ ಹಾಕಿ ನೀಲಿ ದೀಪ ಹಿಡಿದಾಗ ಕಣ್ಣಿನ ನಡುವೆ ಹುಣ್ಣಿದ್ದ ಜಾಗ ಹಸಿರು ಮಚ್ಚೆಯಾಗಿ ಹೊಳೆಯಿತು. "ಏನಾದ್ರೂ ಹಾಕಿದ್ರಾ?" ಅಂದರು. "ಇಲ್ಲ" ಅಂದೆ. ಆಮೇಲೆ ಮನೆಗೆ ಬಂದು ಫೋನ್ ಮಾಡಿ ನಿಜ ಹೇಳಿದೆ.

ಈಗ ಚಿನ್ನಿಯ ಕೆಳರೆಪ್ಪೆಯಲ್ಲೂ ಒಂದು ಕಪ್ಪು ಚುಕ್ಕೆ. ರಕ್ತ ಹೀರುವ ಉಣ್ಣೆ ಹುಳ ಅಂತ ಕೀಳಲು ಹೋಗಿ ಕಚ್ಚಿಸಿಕೊಂಡಿದ್ದೂ ಆಯಿತು. ಇವತ್ತು ಆರು ಭಾನುವಾರಗಳ ಆರು ಫೋಟೋ ತೋರಿಸಿದೆ. ಡಾಕ್ಟರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು, ಚಿನ್ನಿಯ ಕಣ್ಣನ್ನೂ ಪರೀಕ್ಷಿಸಿದರು. "ಬೆಳೆದಿಲ್ಲ. ದೊಡ್ಡದಾದ್ರೆ, ರಕ್ತ ಬಂದ್ರೆ, ಕಣ್ಣು ಕೆಂಪಾದ್ರೆ, ಕಿರಿದು ಮಾಡಿದ್ರೆ ಅವತ್ತೇ ಬನ್ನಿ. ಅಲ್ಲಿವರೆಗೂ ನೋಡೋಣ" ಅಂದರು.

ಅವರಿಗೆ ಮಾತ್ರ ನಾನು ಏನೂ ಅನ್ನಲಿಲ್ಲ.