ಹದಿನೇಳನೇ ಸಂಸ್ಕಾರ

ಗರ್ಭದಿಂದ ಸಾವಿನ ತನಕ ಒಟ್ಟು 16 ಸಂಸ್ಕಾರ ಅಂತ ನಮ್ಮಲ್ಲಿ ಲೆಕ್ಕ. ನಾಮಕರಣ, ಅನ್ನಪ್ರಾಶನ, ಕಿವಿ ಚುಚ್ಚೋದು, ಹೀಗೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಹದಿನೇಳನೆಯದೊಂದು ಸೇರಿಕೊಂಡಿದೆ. ಮಗುವಿಗೆ ಎರಡು ವರ್ಷ ತುಂಬೋದರೊಳಗೆ ಪಾಸ್‌ಪೋರ್ಟ್ ಮಾಡಿಸಿ, ಸಮುದ್ರ ದಾಟಿಸಿ, ಬೇರೆ ದೇಶದ ಮರಳಿನ ಮೇಲೆ ಕೂರಿಸಿ ಫೋಟೊ ತೆಗೆಯೋದು. ಹಿಂದೆ ಸಮುದ್ರ ದಾಟಿ ಬಂದವರು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು. ಈಗ ದಾಟದವರು ಮಾಡಿಕೊಳ್ಳಬೇಕು.

ಇದರ ಮುಹೂರ್ತ ಪಂಚಾಂಗದಲ್ಲಿ ಸಿಗಲ್ಲ, ಟಿಕೆಟ್ ನಿಯಮದಲ್ಲಿ ಸಿಗುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಸೀಟು ಬೇಡ, ತೊಡೆ ಮೇಲೆ ಕೂರಿಸಿಕೊಂಡರೆ ಸಾಕು. ಇದಕ್ಕೆ ಎಲ್ಲರೂ ‘ಫ್ರೀ’ ಅಂತಾರೆ. ಫ್ರೀ ಏನಲ್ಲ, ವಿದೇಶಕ್ಕೆ ಹೋಗುವಾಗ ಸಾಮಾನ್ಯವಾಗಿ ದೊಡ್ಡವರ ದರದಲ್ಲಿ ನೂರಕ್ಕೆ ಹತ್ತರಷ್ಟು ತಗೊಳ್ತಾರೆ, ಮೇಲೆ ತೆರಿಗೆ. ಆದರೂ ಫ್ರೀ ಅಂದುಕೊಂಡರೆ ಮನಸ್ಸಿಗೆ ಏನೋ ಸಮಾಧಾನ. ವಾಪಸ್ ಬರುವ ದಿನಕ್ಕೂ ಎರಡು ತುಂಬಿರಬಾರದು, ತುಂಬಿದ್ದರೆ ಆ ಕಡೆಯಿಂದ ಪೂರ್ತಿ ಸೀಟು ಕೊಳ್ಳಬೇಕು. ಹಾಗಾಗಿ ನಾನೂ ಹೆಂಡತಿಯೂ ಕ್ಯಾಲೆಂಡರ್ ಹಿಡಿದು ಕೂತು, ಮಗನಿಗೆ ಇಪ್ಪತ್ತೆರಡು ತಿಂಗಳಾದಾಗ ಬಾಲಿ ಅಂತ ನಿಶ್ಚಯ ಮಾಡಿದೆವು.

ಅಮ್ಮ ಇರೋದು ಕುಂದಾಪುರದಲ್ಲಿ. ಮನೆಯಿಂದ ಕೋಡಿ ಬೀಚಿಗೆ ರಿಕ್ಷಾದಲ್ಲಿ ಹತ್ತು ನಿಮಿಷ. ವಿಷಯ ಕೇಳಿ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಮ್ ಕಡಲಿಗೆ ಎಂತ ಆಯ್ತ್ ಮಗಾ?” ಅಂದಳು. ಏನೂ ಆಗಿಲ್ಲ. ಪಡುಬಿದ್ರಿಗೂ ಕಾಸರಕೋಡಿಗೂ 2020ರಲ್ಲೇ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದೆ, ಕರಾವಳಿ 300 ಕಿಲೋಮೀಟರಿಗೂ ಜಾಸ್ತಿ ಉದ್ದ ಇದೆ. ಒಂದೇ ತೊಂದರೆ, ಅಲ್ಲಿಗೆ ಹೋಗೋಕೆ ಪಾಸ್‌ಪೋರ್ಟ್ ಬೇಡ.

ಹುಡುಗ ಹನ್ನೊಂದು ಕಿಲೋ, ಅವನ ಸಾಮಾನು ಮೂವತ್ತು. ಪುಟ್ಟ ರೈಸ್ ಕುಕ್ಕರ್, ಅವಲಕ್ಕಿ, ಸಾರಿನ ಪುಡಿ, ನೀರಲ್ಲಿ ಉಬ್ಬದ ಡೈಪರ್, ಆಟದ ಬಕೆಟ್ಟು. ಹಾಲು ಹೇಗೋ ದಾಟಿತು, ಆದರೆ ಸೆಕ್ಯುರಿಟಿಯಲ್ಲಿ ರಾಗಿ ಸರಿ ಪುಡಿಯ ಪ್ಯಾಕೆಟ್ ಸಿಕ್ಕಿಬಿತ್ತು. ಕಂದು ಬಣ್ಣದ ನುಣ್ಣನೆ ಪುಡಿ, ಮೇಲೆ ಲೇಬಲ್ ಇಲ್ಲ, ಅತ್ತೆ ಮನೆಯಲ್ಲೇ ಮೊಳಕೆ ಕಟ್ಟಿ ಒಣಗಿಸಿ ಬೀಸಿದ್ದು. ಉತ್ತರದ ಕಡೆಯ ಆ ಅಧಿಕಾರಿಗೆ ರಾಗಿ ಅಂದರೇನು ಅಂತ ನನ್ನ ಹರಕು ಹಿಂದಿಯಲ್ಲಿ ವಿವರಿಸೋ ಅಷ್ಟರಲ್ಲಿ ಮಗ ಬೆಲ್ಟ್ ಮೇಲಿದ್ದ ಯಾರದೋ ಶೂ ಎತ್ತಿಕೊಂಡು ಓಡಿದ್ದ.

ನೇರ ವಿಮಾನದಲ್ಲಿ ಹೋದರೆ ಏಳು ಗಂಟೆ ಹತ್ತಿರ. ನಾವು ದುಡ್ಡು ಉಳಿಸೋ ಜಾಣರು, ಸಿಂಗಪುರದಲ್ಲಿ ಇಳಿದು ಹತ್ತುವ ದಾರಿ ಹಿಡಿದೆವು. ಮನೆಯ ಬಾಗಿಲಿನಿಂದ ಹೋಟೆಲ್ ಬಾಗಿಲಿಗೆ ಹತ್ತೊಂಬತ್ತು ಗಂಟೆ. ವಿಮಾನ ಇಳಿಯುವಾಗ ಮಕ್ಕಳಿಗೆ ಕಿವಿ ನೋಯುತ್ತದೆ, ಆಗ ಹಾಲು ಕುಡಿಸಿ, ನುಂಗಿದರೆ ಕಿವಿ ಬಿಡುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಸರಿಯಾದ ಮಾತೇ. ಆದರೆ ನಮ್ಮವನು ಅಷ್ಟೂ ಹಾಲನ್ನ ಹತ್ತುವಾಗಲೇ ಕುಡಿದು ಮುಗಿಸಿದ್ದ. ಇಳಿಯುವ ಅಷ್ಟೂ ಹೊತ್ತು ಅವನು ಕೂಗಿದ ಕೂಗಿಗೆ ಹಿಂದಿನ ಮೂರು ಸಾಲಿನವರು ನನ್ನ ಮುಖ ನೆನಪಿಟ್ಟುಕೊಂಡಿರುತ್ತಾರೆ.

ಬಾಲಿಯಲ್ಲಿ ವೀಸಾಕ್ಕೆ ತಲೆಗೆ 5,00,000 ರುಪಿಯಾ. 2024ರಿಂದ ಪ್ರವಾಸಿಗರ ಶುಲ್ಕ ಅಂತ ಬೇರೆ 1,50,000. ನಮ್ಮ ಒಂದು ರೂಪಾಯಿಗೆ ಅವರದು 190ರ ಆಸುಪಾಸು, ಹಾಗಾಗಿ ಎದೆ ಒಡೆದುಕೊಳ್ಳಬೇಕಿಲ್ಲ. ಆದರೂ ಫ್ರೀ ಮಗುವಿನ ಲೆಕ್ಕ ಆರೂವರೆ ಲಕ್ಷಕ್ಕೆ ಹೋಗಿದ್ದು ನೋಡಿ ಒಂದು ಕ್ಷಣ ಗಂಟಲು ಒಣಗಿತು.

ಮಕ್ಕಳಿಗೆ ಅಲೆ ಕಡಿಮೆ ಇರಲಿ ಅಂತ ಬಾಲಿಯ ಸನೂರ್ ಬೀಚ್ ಆರಿಸಿಕೊಂಡಿದ್ದೆವು. ಬೆಳಿಗ್ಗೆ ಟೋಪಿ ಹಾಕಿ, ಕ್ರೀಮ್ ಬಳಿದು, ಮರಳಿನ ಮೇಲೆ ಇಳಿಸಿದೆ. ಒಂದು ಕಾಲು ಊರಿದ. ತಕ್ಷಣ ಎತ್ತಿದ. ಬೆರಳ ಸಂದಿಗೆ ಅಂಟಿದ ಮರಳು ನೋಡಿ “ಛೀ” ಅಂದ. ಇನ್ನೊಂದು ಕಾಲೂ ಎತ್ತೋಕೆ ಹೋಗಿ ಕೂತುಬಿಟ್ಟ, ಆಗ ಕೈಗೂ ಅಂಟಿತು, ಶುರುವಾಯ್ತು ಅಳು. ನಮ್ಮ ಗೇಟಿನ ಎದುರು ಕಟ್ಟುತ್ತಿರೋ ಮನೆಯ ಎಂ-ಸ್ಯಾಂಡ್ ಗುಡ್ಡೆಯಲ್ಲಿ ದಿನಾ ಸಂಜೆ ಹೊರಳಾಡಿ ಬೈಸಿಕೊಳ್ಳೋ ಹುಡುಗ ಇವನೇ.

ಹಾಗಂತ ಅವನಿಗೆ ಬಾಲಿ ಹಿಡಿಸಲಿಲ್ಲ ಅನ್ನೋ ಹಾಗಿಲ್ಲ. ಕಾಲು ತೊಳೆಯೋ ನಲ್ಲಿ ಬಹಳ ಹಿಡಿಸಿತು. ತಿರುಗಿಸಿದರೆ ನೀರು, ಮತ್ತೆ ತಿರುಗಿಸಿದರೆ ಇಲ್ಲ! ಹೋಟೆಲಿನ ಲಿಫ್ಟೂ ಹಿಡಿಸಿತು. ಅಲ್ಲಿನವರು ದಿನಾ ಅಂಗಡಿ ಬಾಗಿಲಲ್ಲಿ ತೆಂಗಿನ ಗರಿಯ ಪುಟ್ಟ ಬುಟ್ಟಿಯಲ್ಲಿ ಹೂವಿಟ್ಟು ಪೂಜೆ ಮಾಡ್ತಾರೆ, ಅದು ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. ಸಾಲಾಗಿ ನಾಲ್ಕು ಅಂಗಡಿಯವರಿಗೆ ನಾನು ಕೈ ಮುಗಿದೆ. ಪಾಪ, ನಕ್ಕರು. ಇನ್ನು ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಇವನ ಹೊಟ್ಟೆಯೊಳಗಿನ ಗಡಿಯಾರ ಬೆಂಗಳೂರಿನದೇ. ರಾತ್ರಿ ಹನ್ನೆರಡಾದರೂ ಕಣ್ಣು ಪಿಳಿಪಿಳಿ. ಹೋಟೆಲ್ ಮೆಟ್ಟಿಲ ಮೇಲೆ ಅವನನ್ನ ಎತ್ತಿಕೊಂಡು ತಿರುಗ್ತಿದ್ದಾಗ ಅದೇ ಕೆಲಸದಲ್ಲಿದ್ದ ಇನ್ನೊಬ್ಬ ಅಪ್ಪ ಎದುರಾದ. ಜಯನಗರದವನು.

ಇಷ್ಟೆಲ್ಲ ಯಾಕೆ ಅಂದರೆ ‘ಮಗುವಿಗೆ ನೆನಪುಗಳಿರಲಿ’ ಅಂತ. ಎರಡು ವರ್ಷದೊಳಗಿನದ್ದು ದೊಡ್ಡವರಾದ ಮೇಲೆ ಯಾರಿಗೂ ನೆನಪಿರಲ್ಲ. ಹಾಗಾಗಿ ನೆನಪಿನ ಕೆಲಸ ನನ್ನ ಫೋನಿಗೆ ಬಿತ್ತು, 412 ಫೋಟೊ ಆದಾಗ ಅದೂ ಇನ್ನು ಜಾಗ ಇಲ್ಲ ಅಂತು. ಅದರಲ್ಲಿ ಅವನು ಅಳದೆ ಇರೋದು ಒಂದು. ಬಿಸ್ಕೆಟ್ ತೋರಿಸಿ ತೆಗೆದಿದ್ದು. ಫೋಟೊದಿಂದ ಬಿಸ್ಕೆಟ್ಟನ್ನ ಕತ್ತರಿಸಿ ತೆಗೆದು ಸ್ಟೇಟಸ್ಸಿಗೆ ಹಾಕಿದೆವು.

ವಾಪಸ್ ಬಂದ ಮಾರನೇ ದಿನ ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿದಿತ್ತು. ಲಿಫ್ಟಿನಲ್ಲಿ ಮೂರನೇ ಮಹಡಿಯವರು ಸಿಕ್ಕರು, ಎದೆಗೆ ಕಟ್ಟಿಕೊಂಡ ಕೂಸಿನ ಸಮೇತ. “ಸಾರ್, ಫೋಟೊ ನೋಡಿದೆ, ಮಗು ಏನ್ ಖುಷಿಯಾಗಿದೆ! ಹೇಗಿತ್ತು?” ಅಂದರು.

“ಸೂಪರ್ ಸಾರ್, ಖಂಡಿತ ಹೋಗಿ,” ಅಂದೆ. “ನಿಮ್ಮವನಿಗೆ ಎರಡು ತುಂಬೋದು ಯಾವಾಗ?”

“ಮುಂದಿನ ಮಾರ್ಚ್.”

“ಹಾಗಾದ್ರೆ ಫೆಬ್ರವರಿಗೆ ಮಾಡಿಸಿಬಿಡಿ. ನಮ್ಮ ಲಿಸ್ಟ್ ಕಳಿಸ್ತೀನಿ.”