9ರಿಂದ 12: ಉಪನ್ಯಾಸ

ಬೀಜಿಂಗ್‌ನಲ್ಲಿ ವಿದೇಶಿ ಸರ್ಕಾರಿ ಅಧಿಕಾರಿಗಳಿಗೆ ಎರಡು ವಾರದ ತರಬೇತಿ. ವೇಳಾಪಟ್ಟಿಯಲ್ಲಿ ಈ ಸಲವೂ ಅದೇ ಸಾಲು: ‘9ರಿಂದ 12: ಉಪನ್ಯಾಸ’. ಮೂರು ಗಂಟೆಯಂತೆ! ಕೂಡಿ ಕಳೆದು ನೋಡಿ. ಚಹಾಕ್ಕೆ 20 ನಿಮಿಷ, ಪರಿಚಯಕ್ಕೂ ನೆನಪಿನ ಕಾಣಿಕೆಗೂ 10, ಪ್ರಶ್ನೋತ್ತರಕ್ಕೆ 30. ಉಳಿದದ್ದು 120. ಪ್ರತಿ ಮಾತೂ ಒಮ್ಮೆ ಚೀನಿಯಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ, ಅಲ್ಲಿಗೆ ಅರ್ಧ. ಈ 60 ನಿಮಿಷಕ್ಕೆ ಪ್ರಾಧ್ಯಾಪಕರು ಹೊತ್ತು ತರುವುದು 90 ಸ್ಲೈಡು. 12 ದಾಟಿಸೋಣವೆಂದರೆ ಕ್ಯಾಂಟೀನಿನವರು ಕಾಯುವುದಿಲ್ಲ.

ಇದಾದರೂ ಪರವಾಗಿಲ್ಲ, ಅಂಕಿಯ ತಲೆನೋವು ಬೇರೆಯೇ. ಇಂಥ ಕೋರ್ಸಿಗೆ ಬಡತನ ನಿವಾರಣೆಯ ಪಾಠ ಊಟಕ್ಕೆ ಉಪ್ಪಿದ್ದ ಹಾಗೆ. ಎಂಟು ವರ್ಷಗಳಲ್ಲಿ ಬಡತನದಿಂದ ಮೇಲೆ ಬಂದ ಹಳ್ಳಿಗರು 9,899 ‘ವಾನ್’ ಎಂದು ಚೀನಾ 2021ರ ಫೆಬ್ರುವರಿಯಲ್ಲಿ ಘೋಷಿಸಿತು. ಅವರು ಎಣಿಸುವುದು ಹತ್ತು ಸಾವಿರದ ಕಟ್ಟಿನಲ್ಲಿ. ಒಂದು ಕಟ್ಟು ಒಂದು ವಾನ್. ದುಭಾಷಿ ಅದನ್ನು ನಿಂತ ನಿಲುವಿನಲ್ಲೇ ಮಿಲಿಯನ್ ಮಾಡಬೇಕು: 98.99. ಕೇಳುತ್ತ ಕೂತ ನೇಪಾಳದ, ಬಾಂಗ್ಲಾದೇಶದ ಅಧಿಕಾರಿ ಅದನ್ನು ನಮ್ಮ ಹಾಗೇ ಕೋಟಿಗೆ ಇಳಿಸಿಕೊಳ್ಳಬೇಕು: 9 ಕೋಟಿ 90 ಲಕ್ಷ, ಹತ್ತಿರ ಹತ್ತಿರ. ಎರಡು ಹೊಳೆ ದಾಟುವಾಗ ಬಿಂದುವೊಂದು ಜಾರಿತೋ, 99 ಕೋಟಿ! ದೇಶದ ಜನಸಂಖ್ಯೆಯೇ ‘14 ಯಿ’, ಅಂದರೆ 140 ಕೋಟಿ. ಹತ್ತರಲ್ಲಿ ಏಳು ಮಂದಿ ಒಂದೇ ಏಟಿಗೆ ಉದ್ಧಾರ! ಅಧಿಕಾರಿಗಳು ಬೆರಗಾಗಿ ಬರೆದುಕೊಳ್ಳುತ್ತಾರೆ. ಬೆರಗು ತಮ್ಮ ಪಾಠಕ್ಕೇ ಎಂದುಕೊಂಡ ಪ್ರಾಧ್ಯಾಪಕರು ಉಬ್ಬಿ ಇನ್ನೊಂದು ಅಂಕಿ ಎಸೆಯುತ್ತಾರೆ. ಮದ್ದೇನೋ ಸರಳ: ಸ್ಲೈಡುಗಳನ್ನು ಹಿಂದಿನ ದಿನವೇ ತರಿಸಿ, ಅಂಕಿಗಳನ್ನೆಲ್ಲ ಒಂದು ಹಾಳೆಗಿಳಿಸಿ ದುಭಾಷಿಯ ಕೈಗಿಡುವುದು. ಸ್ಲೈಡು ಬರುವುದು ಬೆಳಿಗ್ಗೆ 8:55ಕ್ಕೆ, ಪೆನ್‌ಡ್ರೈವಿನಲ್ಲಿ.

ಟಿಪ್ಪಣಿಗಳನ್ನು ಜಿಮೇಲಿಗೆ ಕಳಿಸುತ್ತೇವೆ ಅನ್ನಬೇಡಿ, ಅಲ್ಲಿ ಅದು ತೆರೆಯುವುದಿಲ್ಲ; ವಾಟ್ಸ್ಆ್ಯಪ್ಪೂ ಅಷ್ಟೆ. ಚೀನಾದವರ ಸಂದೇಶದ ಆ್ಯಪ್ ವೀಚಾಟ್‌ನ ಖಾತೆಯನ್ನು ಅಧಿಕಾರಿಗಳು ತಂತಮ್ಮ ಊರಲ್ಲೇ ಮಾಡಿಕೊಂಡು ಹೊರಡಬೇಕು. ಸೊಸೈಟಿ ಸಾಲದ ಹಾಗೆ ಅದೂ ಒಮ್ಮೊಮ್ಮೆ ಹಳೇ ಬಳಕೆದಾರನ ಜಾಮೀನು ಕೇಳುತ್ತದೆ. ಇನ್ನು ಅಲ್ಲಿನ ರಾಷ್ಟ್ರೀಯ ದಿನದ ರಜೆ ಬೀಳುವ ಅಕ್ಟೋಬರ್ ಮೊದಲ ವಾರಕ್ಕೆ ದಿನ ಗೊತ್ತು ಮಾಡಿದಿರೋ, ಭೇಟಿಗೆ ಹೋದ ಕಚೇರಿಗೆ ಬೀಗ, ಬಾದಾಲಿಂಗ್‌ನ ಮಹಾಗೋಡೆಯ ಮೇಲೆ ಬರೀ ತಲೆಗಳು.

ಗುಂಪುಫೋಟೋಗೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಮುಂದಿನ ಸಾಲಿನ ಕುರ್ಚಿಗಳಿಗೆ ಹೆಸರಿನ ಚೀಟಿ, ನಡುವೆ ದೊಡ್ಡವರು, ಹಿಂದೆ ಮೆಟ್ಟಿಲಿನ ಮೇಲೆ ಉಳಿದವರು. ಎರಡು ವಾರ ಎಲ್ಲರ ಬಾಯಿ, ಕಿವಿ ಎರಡೂ ಆಗುವ ದುಭಾಷಿ ಹುಡುಗಿ ಅದರಲ್ಲಿರುವುದಿಲ್ಲ. ಅವಳು ಕ್ಯಾಮೆರಾದವನ ಪಕ್ಕ ನಿಂತು, ‘ಸ್ವಲ್ಪ ಎಡಕ್ಕೆ’ ಎಂದು ಎರಡು ಭಾಷೆಯಲ್ಲಿ ಕೂಗುತ್ತಿರುತ್ತಾಳೆ.