ಲಾಫಿಂಗ್ ಸ್ಟಾಕ್ ಪುರಾಣ

ಮದುವೆ ಊಟಕ್ಕೆ ನನ್ನ ಪಕ್ಕ ಕೂತವರಿಗೆ ಎಲ್ಲಾ ಗೊತ್ತಿತ್ತು. ಸಾರು ಬರುವಷ್ಟರಲ್ಲಿ ನಗೆಪಾಟಲಾದವನಿಗೆ ಹೇಳುವ ‘ಲಾಫಿಂಗ್ ಸ್ಟಾಕ್’ ಎಂಬ ಇಂಗ್ಲಿಷ್ ಮಾತಿನ ಹುಟ್ಟನ್ನೂ ಹೇಳಿ ಮುಗಿಸಿದರು. “ಹಿಂದೆ ಅಲ್ಲಿ ಕಳ್ಳರ ಕತ್ತು, ಕೈ ಹಲಗೆಗೆ ಸಿಕ್ಕಿಸಿ ನಿಲ್ಲಿಸ್ತಿದ್ರು. ಅದೇ ಸ್ಟಾಕ್ಸ್. ಜನ ನೋಡಿ ನಗ್ತಿದ್ರು. ಅಷ್ಟೇ ಸ್ವಾಮಿ!”

ಅಷ್ಟೇ ಅಲ್ಲ ಸ್ವಾಮಿ. ಕತ್ತು ಸಿಕ್ಕಿಸುವುದು ಪಿಲ್ಲರಿ. ಸ್ಟಾಕ್ಸ್‌ನಲ್ಲಿ ಸಿಕ್ಕಿಸುವುದು ಕಾಲು. ಇಂಗ್ಲೆಂಡಿನ 1351ರ ಕಾಯಿದೆ ಊರೂರಿಗೂ ಒಂದು ಮಾಡಿಸಿ ಎಂದದ್ದು ಈ ಕಾಲಿನದನ್ನು. ಇಷ್ಟಾದರೂ ಹೇಳೋಣ ಅಂದರೆ ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಪಿಲ್ಲರಿ ಅಂದರೆ ನನಗೆ ಡೇನಿಯಲ್ ಡಿಫೋ ನೆನಪಾಗುತ್ತಾನೆ. ಅವನ ಕಾದಂಬರಿ ‘ರಾಬಿನ್ಸನ್ ಕ್ರೂಸೋ’ ಆಗಿನ್ನೂ ಬಂದಿರಲಿಲ್ಲ. 1702ರಲ್ಲಿ ಹೆಸರು ಹಾಕದೆ ಒಂದು ಸಣ್ಣ ಪುಸ್ತಕ ತಂದ. ರಾಜಮನ್ನಣೆಯ ಚರ್ಚಿನಿಂದ ಹೊರಗುಳಿದವರನ್ನು ಗಡೀಪಾರು ಮಾಡಿ, ಅವರ ಬೋಧಕರನ್ನು ಗಲ್ಲಿಗೇರಿಸಿ ಅಂತ ಅದರಲ್ಲಿತ್ತು. ಅವನೂ ಹೊರಗುಳಿದವನೇ! ಕಟ್ಟಾ ಚರ್ಚಿನವರ ಧಾಟಿಯನ್ನು ಅಣಕಿಸಿದ್ದ, ಅಷ್ಟೇ. ಹಲವರು ನಿಜವೆಂದೇ ನಂಬಿದರು. ಅಣಕ ಅಂತ ಗೊತ್ತಾದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು. ತಮಾಷೆ ತಡವಾಗಿ ಅರ್ಥವಾದವರ ಸಿಟ್ಟು ಕೆಟ್ಟದ್ದು. ದಂಡ ಹಾಕಿದರು, ಜೈಲಿಗಟ್ಟಿದರು, 1703ರ ಜುಲೈ ಕೊನೆಗೆ ಮೂರು ದಿನ ಲಂಡನ್ನಿನ ಪಿಲ್ಲರಿಯಲ್ಲಿ ನಿಲ್ಲಿಸಿದರು. ಅಲ್ಲಿ ಕೊಳೆತ ಮೊಟ್ಟೆ, ಕಲ್ಲು ಬೀಳುವುದು ಮಾಮೂಲು. ಏಟು ತಿಂದು ಸತ್ತವರೂ ಇದ್ದಾರೆ. ಡಿಫೋ ಪಿಲ್ಲರಿಯ ಮೇಲೇ ಒಂದು ಸ್ತೋತ್ರ ಬರೆದ. ಅವನು ಹಲಗೆಯಲ್ಲಿ ನಿಂತಿದ್ದಾಗ ಕೆಳಗೆ ಅದರ ಮಾರಾಟ ನಡೆದಿತ್ತು. ಜನ ಅವನಿಗೆ ಒಳ್ಳೆಯದಾಗಲಿ ಎಂದು ಗುಟುಕೇರಿಸಿದರು. ಹೂವು ಎಸೆದರು ಎಂಬ ಕತೆಯೂ ಇದೆ, ಅದಿರಲಿ. ನಗೆಪಾಟಲಾದವರು ಶಿಕ್ಷೆ ಕೊಟ್ಟವರು.

ಹಾಂ, ಆ ಪದ. ಸ್ಟಾಕ್ ಅಂದರೆ ಮರದ ಬೊಡ್ಡೆ, ಕೊರಡು. ಹಳೇ ಇಂಗ್ಲಿಷಿನಲ್ಲಿ ಸದಾ ಚಾಟಿಯೇಟು ತಿನ್ನುವವನು ವಿಪ್ಪಿಂಗ್ ಸ್ಟಾಕ್. ಎಲ್ಲರೂ ಬಾಯಿಬಿಟ್ಟು ನೋಡುವವನು ಗೇಜಿಂಗ್ ಸ್ಟಾಕ್. 1611ರ ಬೈಬಲ್ಲಿನಲ್ಲೂ ಇದಿದೆ. ಕಾಲು ಸಿಕ್ಕಿಸುವ ಹಲಗೆಗೂ ಅದೇ ಬೊಡ್ಡೆಯಿಂದಲೇ ಹೆಸರು. ಹಾಗಾಗಿ ಲಾಫಿಂಗ್ ಸ್ಟಾಕಿಗೆ ಅದು ದಾಯಾದಿ ಆದೀತು, ಅಪ್ಪ ಆಗದು. ಷೇಕ್ಸ್‌ಪಿಯರನ ‘ಮೆರ್ರಿ ವೈವ್ಸ್ ಆಫ್ ವಿಂಡ್ಸರ್’ನಲ್ಲಿ ಕತ್ತಿ ಕಾಳಗಕ್ಕೆ ಬಂದ ಪಾದ್ರಿ ಇವಾನ್ಸ್, ಎದುರಾಳಿ ಡಾಕ್ಟರನ್ನೇ ಬೇಡಿಕೊಳ್ಳುತ್ತಾನೆ: ಬೇರೆಯವರ ಮೋಜಿಗೆ ನಾವು ಲಾಫಿಂಗ್ ಸ್ಟಾಕ್ ಆಗುವುದು ಬೇಡ. ಅಲ್ಲಿ ಯಾರ ಕಾಲೂ ಎಲ್ಲೂ ಸಿಕ್ಕಿಕೊಂಡಿಲ್ಲ. ಇಬ್ಬರಿಗೂ ಬೇರೆ ಬೇರೆ ಜಾಗ ಹೇಳಿ ಸುಮ್ನೆ ಅಲೆಸಿದವನು ಊರಿನ ಹೋಟೆಲಿನ ಯಜಮಾನ.